ಎಂಟನೇ ಕ್ಲಾಸಿನ ಸೈಕಲ್, ಆಮ್‌ಸ್ಟರ್‌ಡ್ಯಾಮಿನ ರಸ್ತೆ

ತುಮಕೂರು ಜಿಲ್ಲೆ ಕಂದಾಯ ಇಲಾಖೆಗೆ ಒಂದು, ಶಿಕ್ಷಣ ಇಲಾಖೆಗೆ ಎರಡು. ಉತ್ತರದ ನಾಲ್ಕು ತಾಲ್ಲೂಕುಗಳಾದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ‘ಮಧುಗಿರಿ ಶೈಕ್ಷಣಿಕ ಜಿಲ್ಲೆ’. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪೇಪರಿನ ಪಟ್ಟಿಯಲ್ಲಿ ಎಷ್ಟನೇ ಸ್ಥಾನ ಎಂದು ಹುಡುಕುವಾಗ ಬಿಟ್ಟರೆ ಈ ಹೆಸರು ವರ್ಷವಿಡೀ ಯಾರ ಬಾಯಲ್ಲೂ ಬರುವುದಿಲ್ಲ. ಆದರೂ ಈ ಬರಹಕ್ಕೆ ಬೇಕಾದ ಎಲ್ಲೆ ಇದೇ. 2006-07ರಲ್ಲಿ ರಾಜ್ಯ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಪುಕ್ಕಟೆ ಸೈಕಲ್ ಹಂಚಲು ಶುರು ಮಾಡಿದಾಗ ಮಿಡಿಗೇಶಿ, ಹೊಳವನಹಳ್ಳಿ, ಬುಕ್ಕಾಪಟ್ಟಣ, ನಾಗಲಮಡಿಕೆಯಂಥ ಕಡೆ ಶಾಲೆಯ ಮೈದಾನದಲ್ಲಿ ಹ್ಯಾಂಡಲ್ ಹಿಡಿದು ಸಾಲಾಗಿ ನಿಂತ ಮಕ್ಕಳಿಗೆ ಈಗ ಮೂವತ್ತು ದಾಟಿದೆ. ಅವರಲ್ಲಿ ಹೆಚ್ಚಿನವರು ತುಮಕೂರು, ಬೆಂಗಳೂರು ಎಂದು ಹಂಚಿಹೋದರು. ಇಂಜಿನಿಯರಿಂಗ್ ಓದಿ ಕಂಪನಿ ಸೇರಿದ ಕೆಲವರು ‘ಆನ್‌ಸೈಟ್’ ಎಂಬ ಹೆಸರಿನಲ್ಲಿ ಯುರೋಪಿಗೂ ಬಂದರು. ನೆದರ್ಲೆಂಡ್ಸ್‌ಗೆ ಬಂದವರು ಹತ್ತು ಹದಿನೈದು ವರ್ಷದ ಮೇಲೆ ಮತ್ತೆ ಸೈಕಲ್ ಹತ್ತುತ್ತಿದ್ದಾರೆ.

ಈ ಹತ್ತು ಹದಿನೈದು ವರ್ಷ ಸೈಕಲ್ ಎಲ್ಲಿ ಹೋಗಿತ್ತು ಎಂದು ಕೇಳಿದರೆ ಉತ್ತರ ಒಂದೇ: ಬೆಂಗಳೂರು. ಮಧುಗಿರಿಯಿಂದ ಆಮ್‌ಸ್ಟರ್‌ಡ್ಯಾಮಿಗೆ ಹೋಗುವ ದಾರಿಯಲ್ಲಿ ಬೆಂಗಳೂರು ನಮ್ಮ ಕೈಯಿಂದ ಸೈಕಲ್ ಕಿತ್ತುಕೊಳ್ಳುತ್ತದೆ. ಪರಊರಿಗೆ ಒಗ್ಗಿಕೊಳ್ಳುವುದು ಎಂದರೆ ಅಲ್ಲಿಯ ಭಾಷೆ, ಊಟ, ಚಳಿ ಎಂದುಕೊಂಡು ಬರುತ್ತೇವೆ. ಇಲ್ಲಿಗೆ ಬಂದ ಮೇಲೆ ನನಗೆ ಕಂಡದ್ದೇ ಬೇರೆ. ಈ ಊರು ನಮ್ಮನ್ನು ತನ್ನವರೆಂದು ಎಣಿಸುವುದು ನಾವು ಸೈಕಲ್ ಮೇಲೆ ಯಾರಿಗೆ ದಾರಿ ಬಿಡಬೇಕು, ಯಾರಿಗೆ ಬಿಡಬಾರದು ಎಂಬುದನ್ನು ಕಲಿತ ಮೇಲೆಯೇ. ತುಳಿಯುವುದು ಬಂದರೆ ಸಾಲದು. ತುಳಿಯುವುದನ್ನು ಹೇಗೂ ಊರಿಂದಲೇ ಕಲಿತು ಬಂದಿದ್ದೇವೆ.

ನಮ್ಮ ಕಡೆ ಸೈಕಲ್ ಕಲಿತ ರೀತಿಯಲ್ಲಿ ಎರಡು ತಲೆಮಾರು ಇವೆ. ಹಿಂದಿನವರು ಅಪ್ಪನ ದೊಡ್ಡ ಸೈಕಲ್ಲಿನಲ್ಲಿ ಒಳಪೆಡ್ಲು ತುಳಿದವರು. ಸೀಟಿಗೆ ಕಾಲು ಎಟುಕುತ್ತಿರಲಿಲ್ಲ. ಬಾರ್ ಕೆಳಗಿನ ತ್ರಿಕೋನದೊಳಗೆ ಬಲಗಾಲು ತೂರಿಸಿ, ಎಡಗೈಯಲ್ಲಿ ಹ್ಯಾಂಡಲ್ ಹಿಡಿದು, ಬಲ ಕಂಕುಳಲ್ಲಿ ಸೀಟು ಅವುಚಿಕೊಂಡು, ಮೈ ಒಂದು ಕಡೆ, ಸೈಕಲ್ ಒಂದು ಕಡೆ ವಾಲಿಸಿ ಅರ್ಧರ್ಧ ಸುತ್ತು ತುಳಿಯುವುದು. ಸೈಕಲ್ ಶಾಪಿನಲ್ಲಿ ಗಂಟೆಗಿಷ್ಟು ಅಂತ ಬಾಡಿಗೆಗೆ ಸಿಗುತ್ತಿದ್ದ ಚಿಕ್ಕ ಸೈಕಲ್ಲು ಪೇಟೆ ಮಕ್ಕಳ ಭಾಗ್ಯ. 2006ರ ನಂತರದವರಿಗೆ ಈ ಸರ್ಕಸ್ಸು ಬೇಕಾಗಲಿಲ್ಲ. ಶಾಲೆಯಲ್ಲೇ ಸೈಕಲ್ ಸಿಕ್ಕಿತು. ಸಿಕ್ಕ ದಿನವೇ ಸೈಕಲ್ ಶಾಪಿಗೆ ತಳ್ಳಿಕೊಂಡು ಹೋಗಿ ನಟ್ಟು ಬಿಗಿ ಮಾಡಿಸುವುದು, ಬ್ರೇಕ್ ಕಟ್ಟೆ ಬದಲಾಯಿಸುವುದು ಇದ್ದೇ ಇತ್ತು. ಆದರೂ ಅದು ಮನೆಯಲ್ಲಿ ಆ ಮಗುವಿನ ಹೆಸರಿನಲ್ಲಿದ್ದ ಮೊದಲ ಆಸ್ತಿ.

ಹುಡುಗಿಯರ ಮಟ್ಟಿಗಂತೂ ಇದು ಸಣ್ಣ ಸಂಗತಿಯಲ್ಲ. ಏಳನೇ ತರಗತಿವರೆಗೆ ಊರಲ್ಲೇ ಶಾಲೆ, ಹೈಸ್ಕೂಲು ಹೋಬಳಿ ಕೇಂದ್ರದಲ್ಲಿ. ನಡುವಿನ ನಾಲ್ಕೈದು ಮೈಲಿಗೆ ಬಸ್ಸು ಬೆಳಿಗ್ಗೆಗೊಂದು ಸಂಜೆಗೊಂದು. ಓದು ನಿಲ್ಲುತ್ತಿದ್ದುದು ಆ ನಾಲ್ಕೈದು ಮೈಲಿಯಲ್ಲೇ. ಬಿಹಾರದಲ್ಲೂ 2006ರಲ್ಲೇ ಹುಡುಗಿಯರಿಗೆ ಸೈಕಲ್ ಯೋಜನೆ ಬಂತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಧ್ಯಯನ ಮಾಡಿ, ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತೆಂದು ತೋರಿಸಿದರು. ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಹೆಚ್ಚು ಏರಿದ್ದು ಎಂಬುದು ಅದರ ಮುಖ್ಯ ಮಾತು. ನಮ್ಮಲ್ಲಿ 2020ರಲ್ಲಿ ಕೊರೊನಾ ಕಾಲಕ್ಕೆ ಈ ಹಂಚಿಕೆ ನಿಂತಿತು. ಶೂ, ಸಾಕ್ಸು, ಮೊಟ್ಟೆಗಳ ಬಗ್ಗೆ ನಡೆದ ಜಗಳ ಸೈಕಲ್ ಬಗ್ಗೆ ನಡೆಯಲಿಲ್ಲ. ನಡೆಯಬೇಕಿತ್ತು.

ಈ ನಾಲ್ಕು ತಾಲ್ಲೂಕಿನವರಿಗೆ ಪರಊರು ಹೊಸದೇನಲ್ಲ. ಮೊಗಲರ ಕಾಲದಲ್ಲಿ ಶಿರಾ ಒಂದು ಸುಬಾದ ರಾಜಧಾನಿ, ಆಗಿನ ಲೆಕ್ಕದಲ್ಲಿ ದೊಡ್ಡ ನಗರವೇ. ಟಿಪ್ಪು ಅಲ್ಲಿಂದ 12,000 ಮನೆತನಗಳನ್ನು ಎಬ್ಬಿಸಿ ಶ್ರೀರಂಗಪಟ್ಟಣದ ಗಂಜಾಮಿಗೆ ಸಾಗಿಸಿದ ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಈಗ ಯಾರೂ ಎಬ್ಬಿಸಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ತಾವೇ ಹೊರಡುತ್ತಾರೆ. ನಾವು ಓದುವಾಗ ನಾಲ್ಕರಲ್ಲಿ ಒಂದು ತಾಲ್ಲೂಕು ಕೇಂದ್ರಕ್ಕೂ ರೈಲಿರಲಿಲ್ಲ. ತುಮಕೂರು–ರಾಯದುರ್ಗ ಮಾರ್ಗದ ಸುದ್ದಿ ಮಾತ್ರ ಪ್ರತಿ ಚುನಾವಣೆಗೂ ಓಡುತ್ತಿತ್ತು. ಹಾಗಾಗಿ ಬೆಂಗಳೂರು ಎಂದರೆ ಕೆಂಪು ಬಸ್ಸು, ಗೊರಗುಂಟೆಪಾಳ್ಯ, ಪೀಣ್ಯ, ಲಗ್ಗೆರೆ, ಯಶವಂತಪುರ. ತುಮಕೂರು ರಸ್ತೆಯ ಆ ಬದಿಯಲ್ಲಿ ಬಾಡಿಗೆ ಮನೆ ಹುಡುಕಿದರೆ ಊರಿಗೆ ಹೋಗುವ ಬಸ್ಸು ಸುಲಭ ಎಂಬ ಒಂದೇ ಲೆಕ್ಕಕ್ಕೆ ಮಧುಗಿರಿ, ಪಾವಗಡದವರ ಕೇರಿಗಳೇ ಅಲ್ಲಿ ಬೆಳೆದಿವೆ.

ಆ ರಸ್ತೆಯಲ್ಲಿ ಸೈಕಲ್ ತುಳಿಯುವುದು ಧೈರ್ಯದ ಪ್ರಶ್ನೆಯಷ್ಟೇ ಅಲ್ಲ, ಮರ್ಯಾದೆಯ ಪ್ರಶ್ನೆಯೂ ಹೌದು. ನಮ್ಮಲ್ಲಿ ಸೈಕಲ್ ಎಂದರೆ ಬೈಕಿಲ್ಲದವನ ವಾಹನ. ಮೊದಲ ಸಂಬಳ ಬಂದ ಮೇಲೂ ಸೈಕಲ್ಲಿನಲ್ಲೇ ಊರೊಳಗೆ ಬಂದರೆ ‘ಏನಪ್ಪಾ, ಕೆಲಸ ಹೋಯ್ತಾ?’ ಎನ್ನುತ್ತಾರೆ. ಬೆಂಗಳೂರು ಪ್ರಯತ್ನಪಡಲಿಲ್ಲ ಎಂದೇನಿಲ್ಲ. ಜಯನಗರದಲ್ಲಿ ಗೆರೆ ಎಳೆದು ಮಾಡಿದ ಸೈಕಲ್ ಪಥ ಕಾರು ನಿಲ್ಲಿಸುವ ಜಾಗವಾಯಿತು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಬೇರ್ಪಡಿಸಿದ ಪಥ ಸ್ಕೂಟರುಗಳಿಗೂ ಮೆಟ್ರೊ ಕಾಮಗಾರಿಗೂ ಬಲಿಯಾಯಿತು. ಭಾನುವಾರ ಬೆಳಿಗ್ಗೆ ಹೆಲ್ಮೆಟ್ಟು, ಬಿಗಿ ಚಡ್ಡಿ ಹಾಕಿಕೊಂಡು ನಂದಿ ಬೆಟ್ಟಕ್ಕೆ ತುಳಿಯುವ ಲಕ್ಷ ರೂಪಾಯಿಯ ಸೈಕಲ್‌ಗಳಿವೆ, ಹಾಲು ಪೇಪರ್ ಹಾಕುವವರ ಹಳೇ ಅಟ್ಲಾಸ್‌ಗಳಿವೆ. ಇವೆರಡರ ನಡುವೆ, ಕೆಲಸಕ್ಕೆ ಹೋಗಿಬರಲು ಅಂತ ಸುಮ್ಮನೆ ಸೈಕಲ್ ತುಳಿಯುವ ಮಧ್ಯಮ ವರ್ಗದ ಮನುಷ್ಯ ಬೆಂಗಳೂರಿನಲ್ಲಿ ಕಾಣುವುದು ಅಪರೂಪ. ಆಮ್‌ಸ್ಟರ್‌ಡ್ಯಾಮ್ ತುಂಬ ಇರುವುದು ಅವನೇ.

ವಿಮಾನ ಇಳಿಯುವ ಸ್ಕಿಪೋಲ್ ನಿಲ್ದಾಣವೇ ಸಮುದ್ರಮಟ್ಟಕ್ಕಿಂತ ಮೂರು ಮೀಟರ್ ಕೆಳಗಿದೆ. ಏಕಶಿಲಾ ಬೆಟ್ಟದ ನೆರಳಲ್ಲಿ ಬೆಳೆದವರಿಗೆ ಮೊದಲ ಗೊಂದಲ ಅದೇ. ಮಧುಗಿರಿ ತಾಲ್ಲೂಕಿನಲ್ಲಿ ದಾರಿ ತಪ್ಪುವುದು ಕಷ್ಟ. ಎಲ್ಲಿ ನಿಂತರೂ ಯಾವುದೋ ಒಂದು ಬೆಟ್ಟ ಕಾಣುತ್ತದೆ, ಮಧುಗಿರಿಯದ್ದು ಯಾವುದು, ಮಿಡಿಗೇಶಿಯದ್ದು ಯಾವುದು, ಚನ್ನರಾಯನದುರ್ಗ ಯಾವ ದಿಕ್ಕಿಗೆ ಎಂಬುದು ಮಕ್ಕಳಿಗೂ ಗೊತ್ತು. ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇತುವೆಯ ಬೆನ್ನೇ ಬೆಟ್ಟ. ಎತ್ತ ನೋಡಿದರೂ ಅದೇ ಕಿರಿದಾದ ಇಟ್ಟಿಗೆ ಮನೆಗಳು, ಅದೇ ನೀರು.

ಇಲ್ಲಿ ದಿಕ್ಕು ಹೇಳುವುದು ಕಾಲುವೆ. ಹೆಚ್ಚಾಗಿ ಹದಿನೇಳನೆಯ ಶತಮಾನದಲ್ಲಿ ಅಗೆದ ಈ ಕಾಲುವೆಗಳು ಹಳೇ ಊರನ್ನು ಅರ್ಧಚಂದ್ರಾಕಾರದಲ್ಲಿ ಸುತ್ತುವರಿದಿವೆ. ಒಳಗಿನಿಂದ ಹೊರಕ್ಕೆ ಸಿಂಗಲ್, ಹೇರೆನ್‌ಗ್ರಾಖ್ಟ್, ಕೈಝರ್ಸ್‌ಗ್ರಾಖ್ಟ್, ಪ್ರಿನ್ಸೆನ್‌ಗ್ರಾಖ್ಟ್. ಈ ನಾಲ್ಕು ಹೆಸರನ್ನು ಕ್ರಮವಾಗಿ ಬಾಯಿಪಾಠ ಮಾಡಿದರೆ ಸಾಕು. ಕಾಲುವೆಯ ಪಕ್ಕದಲ್ಲೇ ಹೋದರೆ ಸುತ್ತುತ್ತಿದ್ದೀರಿ, ಕಾಲುವೆ ದಾಟಿದರೆ ಒಳಗೋ ಹೊರಗೋ ಹೋಗುತ್ತಿದ್ದೀರಿ. ಮನೆ ನಂಬರುಗಳು ವಾಯವ್ಯದಿಂದ ಶುರುವಾಗಿ ಆಮ್‌ಸ್ಟೆಲ್ ನದಿಯ ಕಡೆಗೆ ಏರುತ್ತವೆ. ಊರ ಹೊರಗೆ ಸೈಕಲ್‌ನವರಿಗೇ ಬೇರೆ ಕೈಕಂಬವಿದೆ, ಬಿಳಿ ಹಲಗೆಯ ಮೇಲೆ ಕೆಂಪು ಅಕ್ಷರ. ಮೊಬೈಲ್ ಮ್ಯಾಪ್ ಇದ್ದರೂ ಇದನ್ನೆಲ್ಲ ಕಲಿಯುವುದು ಒಳ್ಳೆಯದು. 2019ರ ಜುಲೈ 1ರಿಂದ ಸೈಕಲ್ ಮೇಲೆ ಮೊಬೈಲ್ ಕೈಯಲ್ಲಿ ಹಿಡಿದರೆ ದಂಡ, ಅದು ನಮ್ಮ ರೂಪಾಯಿಗೆ ತಿರುಗಿಸಿಕೊಂಡರೆ ನಿದ್ದೆ ಬಾರದಷ್ಟು.

ಬಂದಿಳಿದವರ ಮೊದಲ ತಿಂಗಳ ಕತೆ ಎಲ್ಲರದ್ದೂ ಒಂದೇ. ನಗರಸಭೆಯಲ್ಲಿ ಹೆಸರು ನೋಂದಾಯಿಸಿದರೆ ಬಿಎಸ್‌ಎನ್ ಎಂಬ ನಂಬರು. ಅದಿಲ್ಲದೆ ಸಂಬಳವಿಲ್ಲ. ನೋಂದಾಯಿಸಲು ವಿಳಾಸ ಬೇಕು, ವಿಳಾಸಕ್ಕೆ ಮನೆ ಬೇಕು. ಬಾಡಿಗೆ ಕೇಳಿದರೆ ಲಗ್ಗೆರೆಯ ಓನರ್ ದೇವರಂತೆ ಕಾಣುತ್ತಾನೆ. ಹಾಗಾಗಿ ಭಾರತದವರು ಹೆಚ್ಚಾಗಿ ಹೋಗುವುದು ಪಕ್ಕದ ಆಮ್‌ಸ್ಟೆಲ್‌ವೇನ್ ಊರಿಗೆ. ಅಲ್ಲಿ ರಾಗಿ ಹಿಟ್ಟಿನಿಂದ ಹಿಡಿದು ಒಗ್ಗರಣೆಗೆ ಕರಿಬೇವಿನವರೆಗೆ ಸಿಗುತ್ತದೆ, ರಾಜ್ಯೋತ್ಸವಕ್ಕೆ ಬಾವುಟವೂ ಏರುತ್ತದೆ. ಮನೆ, ಅಕ್ಕಿ, ಕುಕ್ಕರ್ ಆದ ಮೇಲೆ ನಾಲ್ಕನೆಯದು ಸೈಕಲ್.

ಸೈಕಲ್ ಕೊಳ್ಳುವುದರಲ್ಲಿ ಒಂದು ಎಚ್ಚರಿಕೆ. ರಸ್ತೆ ಮೂಲೆಯಲ್ಲಿ ಯಾರೋ ಇಪ್ಪತ್ತು ಮೂವತ್ತು ಯೂರೋಗೆ ಕೊಡುತ್ತೇನೆಂದು ಬಂದರೆ ಅದು ಕದ್ದ ಸೈಕಲ್. ಕದ್ದದ್ದೆಂದು ತಿಳಿದೂ ಕೊಳ್ಳುವುದು ಇಲ್ಲಿ ಅಪರಾಧ. ಫ್ರೇಮಿನ ಮೇಲಿನ ನಂಬರು ಹಾಕಿ ಸರಕಾರದ ಕಳವಿನ ಪಟ್ಟಿಯಲ್ಲಿದೆಯೇ ಎಂದು ನೋಡಬಹುದು. ಅಂಗಡಿಯ ಹಳೇ ಸೈಕಲ್ಲೇ ಸರಿ, ದುಬಾರಿಯಾದರೂ ಚೀಟಿ ಕೊಡುತ್ತಾರೆ. ಬೀಗ ಎರಡು ಬೇಕು. ಒಂದು ಹಿಂದಿನ ಚಕ್ರಕ್ಕೆ ಕೂತಿರುವ ಉಂಗುರದ ಬೀಗ. ಅದು ನಮಗೆ ಹಳೇ ಪರಿಚಯ, ಊರ ಸೈಕಲ್ಲಿನಲ್ಲೂ ಅದೇ ಇರುವುದು. ಇನ್ನೊಂದು ಬೆರಳು ದಪ್ಪದ ಸರಪಣಿ, ಕಂಬಕ್ಕೋ ಕಟಾಂಜನಕ್ಕೋ ಕಟ್ಟಲು. ಕೆಲವರ ಸರಪಣಿ ಸೈಕಲ್ಲಿಗಿಂತ ತೂಕ. ಎಲ್ಲೆಂದರಲ್ಲಿ ನಿಲ್ಲಿಸಿದರೆ ನಗರಸಭೆ ಎತ್ತಿಕೊಂಡು ಹೋಗಿ, ಹಿಂದೆ ನಮ್ಮ ಹಳ್ಳಿಗಳಲ್ಲಿ ಮೇಯಲು ಬಿಟ್ಟ ದನ ಕೂಡುತ್ತಿದ್ದ ದೊಡ್ಡಿಯ ಹಾಗೆ ಊರಾಚೆಯ ಡಿಪೋದಲ್ಲಿ ಕೂಡಿಹಾಕುತ್ತದೆ. ದಂಡ ಕಟ್ಟಿ ಬಿಡಿಸಿಕೊಂಡು ಬರಬೇಕು. ನಿಲ್ಲಿಸಲು ಜಾಗವಿಲ್ಲ ಎಂಬ ನೆಪ ಮಾತ್ರ ಈಗ ನಡೆಯುವುದಿಲ್ಲ. ಸೆಂಟ್ರಲ್ ಸ್ಟೇಷನ್ ಎದುರು ನೀರಿನ ತಳದಲ್ಲಿ 7,000 ಸೈಕಲ್ ಹಿಡಿಸುವ ನಿಲ್ದಾಣ 2023ರ ಜನವರಿಯಲ್ಲಿ ತೆರೆದಿದೆ, ಮೊದಲ 24 ಗಂಟೆ ಪುಕ್ಕಟೆ. ಕಾಲುವೆಗೆ ಬಿದ್ದವುಗಳ ಲೆಕ್ಕ ಬೇರೆ. ವರ್ಷಕ್ಕೆ ಹನ್ನೆರಡು ಸಾವಿರಕ್ಕೂ ಹೆಚ್ಚು ಸೈಕಲ್‌ಗಳನ್ನು ನೀರಿನಿಂದ ಕ್ರೇನಿನಲ್ಲಿ ಎತ್ತುತ್ತಾರೆ. ಗಾಳಿಗೆ ಬಿದ್ದವೆಷ್ಟು, ಕುಡಿದವರು ತಳ್ಳಿದ್ದೆಷ್ಟು ಎಂದು ಸೈಕಲ್ ಹೇಳುವುದಿಲ್ಲ.

ಇನ್ನು ಬ್ರೇಕು. ಇಲ್ಲಿಯ ಸಾದಾ ಅಜ್ಜಿ ಸೈಕಲ್‌ಗೆ, ಹೌದು ಅದನ್ನು ಕರೆಯುವುದೇ ಹಾಗೆ, ಹ್ಯಾಂಡಲ್ ಮೇಲೆ ಬ್ರೇಕ್ ಇರುವುದಿಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂಚಕ್ರ ನಿಲ್ಲುತ್ತದೆ. ನಮ್ಮ ಸೈಕಲ್‌ಗಳಲ್ಲಿ ಪೆಡಲು ಹಿಂದಕ್ಕೆ ತಿರುಗಿಸಿದರೆ ಟಿಕ್ ಟಿಕ್ ಟಿಕ್ ಎಂದು ಫ್ರೀವೀಲ್ ಸದ್ದು ಮಾಡುತ್ತದೆಯೇ ಹೊರತು ಏನೂ ಆಗುವುದಿಲ್ಲ. ಇಳಿಜಾರಿನಲ್ಲಿ ಆ ಸದ್ದು ಕೇಳುತ್ತ, ಕಾಲು ಹಿಂದಕ್ಕೆ ಆಡಿಸುತ್ತ ಹೋಗುವುದು ನಮ್ಮ ಬಾಲ್ಯದ ಸಂಗೀತ. ಆ ಅಭ್ಯಾಸದ ಕಾಲು ಇಲ್ಲಿಯ ಸೇತುವೆ ಇಳಿಯುವಾಗ ತಾನೇ ತಾನಾಗಿ ಹಿಂದಕ್ಕೆ ಹೋಗುತ್ತದೆ. ಸೈಕಲ್ ಗಕ್ಕನೆ ನಿಲ್ಲುತ್ತದೆ, ಹಿಂದೆ ಬರುವ ಶಾಲಾ ಹುಡುಗಿ ಡಚ್ಚಿನಲ್ಲಿ ಏನೋ ಅಂದು ಮುಂದೆ ಹೋಗುತ್ತಾಳೆ. ಸಿಗ್ನಲ್ಲಿನಲ್ಲಿ ನಿಂತಾಗ ಇನ್ನೊಂದು ತೊಡಕು. ಹೊರಡಲು ಪೆಡಲನ್ನು ಮೇಲಕ್ಕೆ ತಂದುಕೊಳ್ಳಬೇಕಲ್ಲ, ಹಿಂದಕ್ಕೆ ತಿರುಗಿಸಿ ತರಲು ಆಗುವುದಿಲ್ಲ. ಹಾಗಾಗಿ ಇಲ್ಲಿಯವರು ನಿಲ್ಲುವ ಮೊದಲೇ ಬಲಪೆಡಲನ್ನು ಮೇಲಿಟ್ಟುಕೊಂಡು ನಿಲ್ಲುತ್ತಾರೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಹಸಿರು ಬಿದ್ದಾಗ ಎಲ್ಲರೂ ಹೋಗಿ ತಾವೊಬ್ಬರೇ ಉಳಿದಾಗ ತಿಳಿಯುತ್ತದೆ.

ರಸ್ತೆಯ ಬಲಬದಿಯಲ್ಲಿ ಹೋಗುವುದು ಬೇಗ ರೂಢಿಯಾಗುತ್ತದೆ. ಎಲ್ಲರೂ ಹಾಗೇ ಹೋಗುತ್ತಿರುತ್ತಾರೆ, ಹಿಂದೆ ಹೋದರಾಯಿತು. ತಿರುವು ಹಾಗಲ್ಲ. ನಮ್ಮಲ್ಲಿ ಎಡಕ್ಕೆ ತಿರುಗುವುದು ಸಲೀಸು, ಬಲಕ್ಕೆ ಕಷ್ಟ. ಇಲ್ಲಿ ತಿರುವುಮುರುವು. ಎಡಕ್ಕೆ ತಿರುಗುವ ಮೊದಲು ಹಿಂದೆ ನೋಡಿ ಎಡಗೈ ಪೂರ್ತಿ ಚಾಚಬೇಕು. ನಮ್ಮ ಕಡೆಯವರಿಗೆ ಕೈ ಚಾಚಲು ಏನೋ ಸಂಕೋಚ. ಬೆರಳು ಒಂದಿಷ್ಟು ಅಲ್ಲಾಡಿಸಿ ಹೊರಟುಬಿಡುತ್ತೇವೆ. ಊರಿನಲ್ಲಿ ಅದು ಸಾಕಾಗುತ್ತದೆ, ಯಾಕೆಂದರೆ ಹಿಂದೆ ಬರುವವನು ಯಾರನ್ನೂ ನಂಬಿರುವುದಿಲ್ಲ. ಇಲ್ಲಿ ಹಿಂದೆ ಬರುವವನು ನಿಮ್ಮನ್ನು ನಂಬಿರುತ್ತಾನೆ. ಅದೇ ಅಪಾಯ.

ನಂಬಿಕೆ ನಿಂತಿರುವುದು ಕೆಲವೇ ಗುರುತುಗಳ ಮೇಲೆ. ರಸ್ತೆಗೆ ಅಡ್ಡಲಾಗಿ ಬಿಳಿ ತ್ರಿಕೋನಗಳ ಸಾಲು ಬರೆದಿರುತ್ತಾರೆ, ಶಾರ್ಕ್ ಹಲ್ಲು ಎನ್ನುತ್ತಾರೆ ಇಲ್ಲಿ. ಹಲ್ಲಿನ ಚೂಪು ಯಾರ ಕಡೆ ಇದೆಯೋ ಅವರು ನಿಲ್ಲಬೇಕು. ಬಸ್ಸಿನ ಕಡೆ ಚೂಪಿದ್ದರೆ ಬಸ್ಸೇ ನಿಲ್ಲುತ್ತದೆ, ಸೈಕಲ್ ಮೇಲಿನ ಎಂಟು ವರ್ಷದ ಹುಡುಗ ಬಸ್ಸಿನ ಮುಖವನ್ನೂ ನೋಡದೆ ದಾಟಿಹೋಗುತ್ತಾನೆ. ಇದನ್ನು ಮೊದಲ ಸಲ ನೋಡಿದಾಗ ನಮ್ಮೂರಿನವರ ಎದೆ ಧಸಕ್ಕೆನ್ನುತ್ತದೆ. ಶಿರಾ ಬಳಿ ಹೆದ್ದಾರಿ ದಾಟಿದವರಿಗೆ ದೊಡ್ಡ ಗಾಡಿ ಕಂಡರೆ ನಿಲ್ಲುವುದು ರಕ್ತದಲ್ಲೇ ಇದೆ. ಇನ್ನೊಂದು ನಿಯಮ ಇದಕ್ಕಿಂತ ಸೂಕ್ಷ್ಮ. ಯಾವ ಗುರುತೂ ಇಲ್ಲದ ನಾಲ್ಕುದಾರಿಯಲ್ಲಿ ಬಲಗಡೆಯಿಂದ ಬಂದವರಿಗೆ ಮೊದಲ ಹಕ್ಕು. 2001ರವರೆಗೆ ಈ ಹಕ್ಕು ಸೈಕಲ್‌ಗೆ ಕಾರಿನ ಎದುರು ಇರಲಿಲ್ಲ. ಆ ವರ್ಷದ ಮೇ ತಿಂಗಳಿಂದ ಬಂತು. ಹಾಗಾಗಿ ಚಿಕ್ಕ ಬೀದಿಯಲ್ಲಿ ಹೋಗುವಾಗ ಪ್ರತಿ ಬಲ ಅಡ್ಡರಸ್ತೆಯನ್ನೂ ನೋಡಬೇಕು. ಎಡದವರು ನಿಮಗಾಗಿ ನಿಲ್ಲುತ್ತಾರೆ. ನೀವು ದೊಡ್ಡಸ್ತಿಕೆ ತೋರಿಸಿ ‘ಮೊದಲು ನೀವು ಹೋಗಿ’ ಎಂದು ಕೈ ಮಾಡಿದರೆ ಎಲ್ಲರಿಗೂ ಗಲಿಬಿಲಿ. ಇಲ್ಲಿ ಅತಿಯಾದ ಮರ್ಯಾದೆಯೂ ಟ್ರಾಫಿಕ್ಕಿಗೆ ತೊಂದರೆ.

ಟ್ರಾಮಿಗೆ ಮಾತ್ರ ಯಾರೂ ಎದುರಿಲ್ಲ. ಅದರ ಕಂಬಿಯ ಸೀಳಿನೊಳಗೆ ಸೈಕಲ್ ಚಕ್ರ ಸರಿಯಾಗಿ ಕೂರುತ್ತದೆ. ಕಂಬಿಯನ್ನು ಓರೆಯಾಗಿ ದಾಟಿದರೆ ಬೀಳುವುದು ಖಂಡಿತ, ನೇರ ಅಡ್ಡಕ್ಕೆ ದಾಟಬೇಕು. ಬೀಳುವ ಹೊಸಬರಲ್ಲಿ ಬಹಳ ಮಂದಿ ಬೀಳುವುದು ಇಲ್ಲೇ.

ಡಚ್ಚರು ಹುಟ್ಟುವಾಗಲೇ ಹೀಗಿದ್ದರು, ಅದಕ್ಕೇ ಅವರಲ್ಲಿ ನಡೆಯುತ್ತದೆ ಎಂದು ನಮ್ಮವರು ಹೇಳುವುದುಂಟು. ಸುಳ್ಳು. ಎರಡನೇ ಮಹಾಯುದ್ಧದ ನಂತರ ಇಲ್ಲಿಯೂ ಕಾರು ಕೊಳ್ಳುವುದೇ ಏಳಿಗೆಯ ಗುರುತಾಗಿತ್ತು. ಕಾಲುವೆ ದಂಡೆಗಳು ಕಾರುಗಳಿಂದ ಕಿಕ್ಕಿರಿದಿದ್ದವು. 1967ರಲ್ಲಿ ಜೋಕಿನೆನ್ ಎಂಬ ಅಮೆರಿಕನ್ ಯೋಜಕ ಹಳೇ ಕೇರಿಗಳನ್ನು ಕೆಡವಿ ಹೆದ್ದಾರಿ ತರುವ ನಕ್ಷೆಯನ್ನೇ ಮುಂದಿಟ್ಟಿದ್ದ. 1971ರಲ್ಲಿ ಈ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಮಂದಿ ಸತ್ತರು. ಅದರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ವಿಕ್ ಲಾಂಗೆನ್‌ಹಾಫ್ ಎಂಬ ಪತ್ರಕರ್ತ ತನ್ನ ಮಗಳನ್ನು ಹಾಗೆ ಕಳೆದುಕೊಂಡು ಬರೆದ ಲೇಖನದಿಂದ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಹೆಸರಿನ ಚಳವಳಿ ಹುಟ್ಟಿತು. ತಾಯಂದಿರು, ಮಕ್ಕಳು ರಸ್ತೆಯಲ್ಲಿ ಕೂತರು. ಅದೇ ಹೊತ್ತಿಗೆ 1973ರ ತೈಲ ಬಿಕ್ಕಟ್ಟು ಬಂತು. ಪೆಟ್ರೋಲ್ ಉಳಿಸಲು ನವೆಂಬರ್ 4ರಿಂದ ಭಾನುವಾರಗಳಲ್ಲಿ ಕಾರು ನಿಷೇಧಿಸಿದರು. ಖಾಲಿ ಹೆದ್ದಾರಿಯಲ್ಲಿ ಜನ ಸೈಕಲ್ ತುಳಿದರು, ಚಕ್ರದ ಶೂ ಹಾಕಿಕೊಂಡು ಆಡಿದರು. 1975ರಲ್ಲಿ ಸೈಕಲ್ ಸವಾರರ ಸಂಘ ಕಟ್ಟಿದರು. ಆಮೇಲೆ ಬಂದವು ಕೆಂಪು ಡಾಂಬರಿನ ಪಥಗಳು, ಒಂದೊಂದು ಬೀದಿಗೂ ಒಂದೊಂದು ಜಗಳವಾಡಿ. ಆ ಜಗಳ ಇನ್ನೂ ಮುಗಿದಿಲ್ಲ. ರೈಕ್ಸ್ ಮ್ಯೂಸಿಯಂ ಕಟ್ಟಡದ ನಡುವೆ ಹಾದುಹೋಗುವ ಸೈಕಲ್ ದಾರಿಯನ್ನು ನವೀಕರಣದ ನೆಪದಲ್ಲಿ ಮುಚ್ಚಲು ನೋಡಿದರು. ಸಂಘದವರು ವರ್ಷಗಟ್ಟಲೆ ಹೋರಾಡಿ 2013ರಲ್ಲಿ ಮತ್ತೆ ತೆರೆಸಿಕೊಂಡರು. ಈಗ ರೆಂಬ್ರಾಂಟ್‌ನ ಚಿತ್ರಗಳ ಕೆಳಗೇ ತರಕಾರಿ ಬುಟ್ಟಿ ಕಟ್ಟಿಕೊಂಡು ಸೈಕಲ್‌ಗಳು ಹೋಗುತ್ತವೆ. 2023ರ ಡಿಸೆಂಬರಿನಿಂದ ಊರಿನ ಹೆಚ್ಚಿನ ರಸ್ತೆಗಳಲ್ಲಿ ಕಾರಿನ ವೇಗ ಗಂಟೆಗೆ 30 ಕಿ.ಮೀ. ಮೀರುವಂತಿಲ್ಲ.

ಎಲ್ಲವೂ ಸ್ವರ್ಗ ಎಂದೂ ಹೇಳಲಾರೆ. ದೇಶದಲ್ಲಿ ಒಂದು ಕೋಟಿ ಎಂಬತ್ತು ಲಕ್ಷ ಜನ, ಎರಡು ಕೋಟಿ ಮೂವತ್ತು ಲಕ್ಷ ಸೈಕಲ್. ರಸ್ತೆ ಸಾವು ವರ್ಷಕ್ಕೆ ಆರೇಳು ನೂರಕ್ಕೆ ಇಳಿದಿದೆ ನಿಜ, ಆದರೆ ಸತ್ತವರಲ್ಲಿ ಈಗ ಕಾರಿನವರಿಗಿಂತ ಸೈಕಲ್‌ನವರು ಹೆಚ್ಚು, ಅದರಲ್ಲೂ ವಯಸ್ಸಾದವರು. ಬ್ಯಾಟರಿ ಸೈಕಲ್ ಬಂದ ಮೇಲೆ ಪಥದ ಮೇಲೆ ವೇಗ ಏರಿದೆ. ದಪ್ಪ ಚಕ್ರದ ಬ್ಯಾಟರಿ ಸೈಕಲ್ಲಿನಲ್ಲಿ ಇಬ್ಬರಿಬ್ಬರು ಕೂತು ನುಗ್ಗುವ ಹದಿಹರೆಯದವರನ್ನು ಕಂಡರೆ ಡಚ್ ಅಜ್ಜಂದಿರು ಬೈಯುವ ಬೈಗುಳ ನಮ್ಮ ಕಡೆಯ ಅಜ್ಜಂದಿರದ್ದೇ.

ಹೆಂಗಸರ ಮಾತಿಗೆ ಬರೋಣ, ಇದರಲ್ಲಿ ಅವರದ್ದೇ ದೊಡ್ಡ ಪಾಲು. ಗಂಡನ ಕೆಲಸಕ್ಕೆ ಜೊತೆಯಾಗಿ ಬಂದವರಿಗೆ ಮೊದಲ ವರ್ಷ ಮನೆಯೇ ಊರು. ಮಗುವಿಗೆ ನಾಲ್ಕು ತುಂಬಿ ಶಾಲೆ ಶುರುವಾದಾಗ ಅದು ಬದಲಾಗುತ್ತದೆ. ಶಾಲೆಗೆ ವ್ಯಾನ್ ಬರುವುದಿಲ್ಲ, ತಾಯಂದಿರೆಲ್ಲ ಸೈಕಲ್ಲಿನ ಮುಂದೊಂದು ಹಿಂದೊಂದು ಮಗು ಕೂರಿಸಿಕೊಂಡು ಬರುತ್ತಾರೆ. ಆಗ ಎಂಟನೇ ಕ್ಲಾಸಿನಲ್ಲಿ ಸೈಕಲ್ ಸಿಕ್ಕಿದ್ದವಳಿಗೂ ಸಿಗದವಳಿಗೂ ಇರುವ ವ್ಯತ್ಯಾಸ ಎದ್ದು ಕಾಣುತ್ತದೆ. ಸಿಕ್ಕಿದ್ದವಳು ಒಂದು ವಾರ ಪಾರ್ಕಿನಲ್ಲಿ ಸುತ್ತಿ ರಸ್ತೆಗಿಳಿಯುತ್ತಾಳೆ. ಎಸ್ಸೆಸ್ಸೆಲ್ಸಿ ಆದ ಮೇಲೆ ತಮ್ಮನಿಗೆ ಬಿಟ್ಟುಕೊಟ್ಟ ಸೈಕಲ್ಲು, ಮದುವೆಗೆ ಬಂದವರ ಎದುರು ‘ನಮ್ಮ ಹುಡುಗಿಗೆ ಸೈಕಲ್ ಬರುತ್ತೆ’ ಎಂದು ಹೇಳಲೂ ಯಾರಿಗೂ ಹೊಳೆಯದ ವಿದ್ಯೆ, ಆಮ್‌ಸ್ಟೆಲ್‌ವೇನಿನಲ್ಲಿ ಕೈಹಿಡಿಯುತ್ತದೆ. ಕಲಿಯದೆ ಬಂದವರಿಗೆ ಇಲ್ಲಿಯ ಸಮುದಾಯ ಕೇಂದ್ರಗಳಲ್ಲಿ ಪಾಠವಿದೆ. ಮೊರಾಕೊ, ಟರ್ಕಿಯಿಂದ ಬಂದ ಹೆಂಗಸರಿಗಾಗಿ ಹಲವು ದಶಕಗಳ ಹಿಂದೆ ಶುರುವಾದ ತರಗತಿಗಳವು. ಸೀಟು ಪೂರ್ತಿ ಇಳಿಸಿ ಎರಡೂ ಕಾಲು ನೆಲಕ್ಕೆ ತಾಗುವಂತೆ ಮಾಡುತ್ತಾರೆ, ಮೊದಮೊದಲು ಪೆಡಲನ್ನು ಮರೆತು ಕಾಲಲ್ಲೇ ನೂಕಿಕೊಂಡು ಹೋಗುವುದು, ಅದರಲ್ಲೇ ಮೈಯ ತೂಕ ಒಗ್ಗಿಕೊಳ್ಳುತ್ತದೆ. ಒಂದು ವೇಳೆ ನಮ್ಮ ಪಕ್ಕದ ಉದಾಹರಣೆ ಬೇಕೆಂದರೆ ತಮಿಳುನಾಡಿನ ಪುದುಕ್ಕೋಟ್ಟೈ ಇದೆ. 1990ರ ದಶಕದ ಆರಂಭದಲ್ಲಿ ಅಲ್ಲಿಯ ಸಾಕ್ಷರತಾ ಆಂದೋಲನ, ಜಿಲ್ಲಾಧಿಕಾರಿ ಶೀಲಾರಾಣಿ ಚುಂಕತ್ ಕಾಲದಲ್ಲಿ, ಹಳ್ಳಿ ಹೆಂಗಸರಿಗೆ ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿತು. ಪಿ. ಸಾಯಿನಾಥ್ ಅದನ್ನು ಬರೆದು ದೇಶಕ್ಕೆ ತಿಳಿಸಿದರು.

ಡಚ್ ಮಕ್ಕಳಿಗೂ ಸೈಕಲ್ ಸುಮ್ಮನೆ ಬರುವುದಿಲ್ಲ. ಪ್ರಾಥಮಿಕ ಶಾಲೆ ಮುಗಿಯುವ ಹೊತ್ತಿಗೆ, ಹನ್ನೊಂದು ಹನ್ನೆರಡನೇ ವಯಸ್ಸಿಗೆ, ರಸ್ತೆಯ ಮೇಲೇ ಪರೀಕ್ಷೆ. 1932ರಿಂದ ನಡೆದುಬಂದಿರುವ ಪದ್ಧತಿ. ನಾವು ಮಕ್ಕಳಿಗೆ ಎಂಟನೇ ಕ್ಲಾಸಿನಲ್ಲಿ ಸೈಕಲ್ ಕೊಟ್ಟೆವು, ರಸ್ತೆಯ ಪಾಠ ಕೊಡಲಿಲ್ಲ. ಅವರು ಪಾಠ ಮೊದಲು ಕೊಡುತ್ತಾರೆ, ಪರೀಕ್ಷೆ ಪಾಸಾದ ಮಗು ಹೈಸ್ಕೂಲಿಗೆ ಒಬ್ಬನೇ ಹತ್ತು ಕಿ.ಮೀ. ತುಳಿದರೂ ಅಪ್ಪ ಅಮ್ಮ ತಲೆಕೆಡಿಸಿಕೊಳ್ಳುವುದಿಲ್ಲ.

ಮಳೆಗೆ ಹೆದರಬೇಕಾಗಿಲ್ಲ, ಗಾಳಿಗೆ ಹೆದರಬೇಕು. ಊರು ಸಪಾಟು ಎಂದು ಖುಷಿಪಟ್ಟವರಿಗೆ ಎದುರುಗಾಳಿ ಬುದ್ಧಿ ಕಲಿಸುತ್ತದೆ. ಪಾವಗಡದವರಿಗೆ ಆಷಾಢದ ಗಾಳಿ ಗೊತ್ತು. ನಿಡಗಲ್ಲಿನ ಕಡೆಯಿಂದ ಬೀಸಿದರೆ ನಿಂತವರೂ ತೂಗಾಡುತ್ತಾರೆ. ಇಲ್ಲಿ ವರ್ಷವಿಡೀ ಆಷಾಢ. ಡಚ್ಚರು ಬಿರುಗಾಳಿಯ ದಿನ ನೋಡಿ ಸಮುದ್ರದ ಅಣೆಕಟ್ಟಿನ ಮೇಲೆ ಎದುರುಗಾಳಿ ಸೈಕಲ್ ಸ್ಪರ್ಧೆಯನ್ನೇ ನಡೆಸುತ್ತಾರೆ, ಅದೂ ಗೇರಿಲ್ಲದ ಸಾದಾ ಸೈಕಲ್ಲಿನಲ್ಲಿ. ಚಳಿಗಿಂತ ಕತ್ತಲೆ ಕಷ್ಟ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಹುಟ್ಟುವುದು ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ, ಮುಳುಗುವುದು ನಾಲ್ಕೂವರೆಗೆ. ಪಾವಗಡದ ತಿರುಮಣಿ ಸುತ್ತ ಹದಿಮೂರು ಸಾವಿರ ಎಕರೆಗೆ ಸೋಲಾರ್ ಹಲಗೆ ಹಾಸಿ 2,050 ಮೆಗಾವಾಟ್ ವಿದ್ಯುತ್ ತೆಗೆಯುವಷ್ಟು ಬಿಸಿಲಿರುವ ತಾಲ್ಲೂಕಿನವರಿಗೆ ಇದು ಶಿಕ್ಷೆಯೇ. ಲೈಟಿಲ್ಲದೆ ತುಳಿದರೆ ಪೊಲೀಸರು ಹಿಡಿಯುತ್ತಾರೆ. ಇದೂ ನಮ್ಮ ಹಿರಿಯರಿಗೆ ಹೊಸದಲ್ಲ. ಡೈನಮೊ ಇಲ್ಲದ ಸೈಕಲ್ಲನ್ನು ಪೇದೆ ತಡೆದು ಗಾಳಿ ಬಿಡುತ್ತಿದ್ದ ಕಾಲ, ಪುರಸಭೆಗೆ ಸೈಕಲ್ ಲೈಸೆನ್ಸ್ ಕಟ್ಟಿ ತಗಡಿನ ಬಿಲ್ಲೆ ಹಾಕಿಸಿಕೊಳ್ಳುತ್ತಿದ್ದ ಕಾಲ ನಮ್ಮಲ್ಲೂ ಇತ್ತು. ಸೈಕಲ್ಲನ್ನು ವಾಹನ ಎಂದು ಸರಕಾರ ಗಂಭೀರವಾಗಿ ತೆಗೆದುಕೊಂಡಿದ್ದ ದಿನಗಳವು.

ಬೇಸಿಗೆಗೆ ಊರಿಂದ ಅಪ್ಪ ಅಮ್ಮ ಬರುತ್ತಾರೆ. ಷೆಂಗೆನ್ ವೀಸಾ ಹೆಚ್ಚೆಂದರೆ 90 ದಿನ. ಮೊದಲ ವಾರ ಕಾಲುವೆ, ಟ್ಯುಲಿಪ್, ಗಾಳಿಯಂತ್ರ ನೋಡಿ ಮುಗಿಯುತ್ತದೆ. ಆಮೇಲೆ ಮಗ ಸೊಸೆ ಕೆಲಸಕ್ಕೆ ಹೋದರೆ ಮನೆಯಲ್ಲಿ ಅಪ್ಪಂದಿರಿಗೆ ಬೇಸರ. ಮೂಲೆಯಲ್ಲಿ ನಿಂತ ಸೈಕಲ್ ಕಣ್ಣಿಗೆ ಬೀಳುತ್ತದೆ. ಇವರು ಇವತ್ತಿಗೂ ಕೊರಟಗೆರೆ ಸಂತೆಗೋ ತೋಟಕ್ಕೋ ಸೈಕಲ್ಲಿನಲ್ಲೇ ಹೋಗುವವರು, ಬೆಂಗಳೂರು ಇವರ ಕೈಯಿಂದ ಸೈಕಲ್ ಕಿತ್ತುಕೊಂಡಿಲ್ಲ. ಬಲಬದಿ ಮತ್ತು ಕಂಬಿ, ಈ ಎರಡು ಹೇಳಿಕೊಟ್ಟರೆ ಮೂರನೇ ದಿನಕ್ಕೆ ಸೆಂಟ್ರಲ್ ಸ್ಟೇಷನ್ ಹಿಂದಿನ ಪುಕ್ಕಟೆ ದೋಣಿಗೆ ಸೈಕಲ್ ತಳ್ಳಿಕೊಂಡು ಹತ್ತಿ ಆಚೆ ದಡ ನೋಡಿ ಬರುತ್ತಾರೆ. ಬೆಲ್ ಮಾತ್ರ ಬಿಡುವುದಿಲ್ಲ, ದಾರಿಯುದ್ದಕ್ಕೂ ಟ್ರಿಣ್ ಟ್ರಿಣ್.

ಇವರಿಂದ ಒಂದು ಲಾಭವೂ ಇದೆ. ಇಲ್ಲಿಯ ಅಂಗಡಿಯಲ್ಲಿ ಪಂಕ್ಚರ್ ಹಾಕಿಸಲು ಹದಿನೈದೋ ಇಪ್ಪತ್ತೋ ಯೂರೋ ಎಂದು ಕೇಳಿದ ದಿನ ಅಪ್ಪಂದಿರು ಬೆಚ್ಚಿಬೀಳುತ್ತಾರೆ. ಮರುದಿನ ಪ್ಯಾಚು, ಗಮ್ಮು, ಉಪ್ಪುಕಾಗದ ತರಿಸಿ ಬಾಲ್ಕನಿಯಲ್ಲಿ ಬಕೆಟ್ ನೀರಿಟ್ಟುಕೊಂಡು ಕೂರುತ್ತಾರೆ. ಅಜ್ಜಿ ಸೈಕಲ್ಲಿನ ಹಿಂಚಕ್ರ ಬಿಚ್ಚುವುದು ದೊಡ್ಡ ರಗಳೆ, ಚೈನ್ ಕವರು, ಬ್ರೇಕಿನ ಸಲಾಕೆ, ಬೀಗ ಎಲ್ಲ ಅಡ್ಡ ಬರುತ್ತವೆ. ಹಾಗಾಗಿ ಚಕ್ರ ಬಿಚ್ಚದೆ, ಟಯರಿನ ಒಂದು ಅಂಚು ಎಬ್ಬಿಸಿ, ಟ್ಯೂಬನ್ನು ಪಕ್ಕದಿಂದ ಎಳೆದು ಪ್ಯಾಚ್ ಹಾಕಬೇಕು. ಡಚ್ ಮೆಕ್ಯಾನಿಕ್‌ಗಳೂ ಹಾಗೇ ಮಾಡುವುದು, ಮಧುಗಿರಿ ಬಸ್‌ಸ್ಟ್ಯಾಂಡಿನ ಪಕ್ಕದ ಪಂಕ್ಚರ್ ಅಂಗಡಿಯವನೂ ಹಾಗೇ ಮಾಡುವುದು. ಟ್ಯೂಬು ನೀರಿಗಿಳಿಸಿ ಗುಳ್ಳೆ ಬರುವ ಜಾಗಕ್ಕೆ ಬೆರಳಿಟ್ಟು, ಮಗನನ್ನು ಕರೆದು ತೋರಿಸಿ, ಉಜ್ಜುವುದು ಎಷ್ಟು, ಗಮ್ಮು ಒಣಗಲು ಬಿಡುವುದು ಎಷ್ಟು ಹೊತ್ತು ಎಂದು ಹೇಳಿಕೊಡುತ್ತಾರೆ. ಆ ವಾರದ ಕೊನೆಗೆ ಪಕ್ಕದ ಮನೆಯವರೂ ತಮ್ಮ ಸೈಕಲ್ ತಂದು ನಿಲ್ಲಿಸಿರುತ್ತಾರೆ.